ಬಿಲ್ಲೆಯ ಪಡಿಯಚ್ಚು ಮತ್ತು ಬಯಲಲ್ಲಿಟ್ಟ ಬೀಗದ ಕೈ

ಊರು ಬಿಟ್ಟು ಬಂದವರಿಗೆ ಕಾಗದಪತ್ರಗಳೇ ಅರ್ಧ ಊರು. ಮದುವೆಯ ಕರೆಯೋಲೆ, ಊರಿನಿಂದ ಬಂದ ಪತ್ರಗಳು, ಸಂಘದ ಸ್ಮರಣ ಸಂಚಿಕೆ, ನಾಟಕದ ಕೈಬರಹದ ಪ್ರತಿ ಇವನ್ನೆಲ್ಲ ಟ್ರಂಕಿನಲ್ಲಿ ನುಸಿಗುಳಿಗೆ ಹಾಕಿ ಜೋಪಾನ ಮಾಡುವ ಕಲೆ ನಮ್ಮ ಹಿರಿಯರಿಗೆ ಗೊತ್ತಿತ್ತು. 1990ರ ಬಳಿಕ ಈ ಸಂಪತ್ತಿನ ದೊಡ್ಡ ಪಾಲು ಕಾಗದವನ್ನು ಬಿಟ್ಟು ಫ್ಲಾಪಿಗೆ, ಅನಂತರ ಸಿ.ಡಿ.ಗೆ ಹೋಯಿತು. ವರ್ತಕ ನಗರದ ಹಳೆಯ ಮ್ಹಾಡಾ ಕಟ್ಟಡಗಳು ಉರುಳಿ ಬಹುಮಹಡಿಗಳು ಏಳುತ್ತಿರುವ ಈ ವರ್ಷಗಳಲ್ಲಿ, ಮನೆ ಖಾಲಿ ಮಾಡುವಾಗ ಅಟ್ಟದಿಂದ ಕೆಳಗಿಳಿಯುವ ಸರಂಜಾಮಿನಲ್ಲಿ ಈ ಬಿಲ್ಲೆಗಳೂ ಇರುತ್ತವೆ. ಇಂದಿನ ಲ್ಯಾಪ್‌ಟಾಪುಗಳಲ್ಲಿ ಹೆಚ್ಚಿನವಕ್ಕೆ ಸಿ.ಡಿ. ತೂರಿಸುವ ಬಾಯಿಯೇ ಇಲ್ಲ. ಫ್ಲಾಪಿಯ ಮಾತಂತೂ ಬೇಡ. ಸೋನಿ ಸಂಸ್ಥೆ ಜಪಾನಿನಲ್ಲಿ ಅದರ ಮಾರಾಟ ನಿಲ್ಲಿಸಿದ್ದು 2011ರಲ್ಲಿ. ಹೀಗಾಗಿ ಒಳಗೇನಿದೆ ಎಂದು ನೋಡುವ ಮೊದಲೇ ಅವು ಗುಜರಿಯವನ ಚೀಲಕ್ಕೆ ಬೀಳುತ್ತವೆ.

ಇಂಥ ಬಿಲ್ಲೆಯನ್ನು ಉಳಿಸಿಕೊಳ್ಳುವ ಒಂದು ಉಪಾಯ ಗಣಕ ಪ್ರಪಂಚದಲ್ಲಿ ಬಹುಕಾಲದಿಂದ ಇದೆ. ಡಿಸ್ಕ್ ಇಮೇಜ್ ಎಂದು ಅದರ ಹೆಸರು. ಪಡಿಯಚ್ಚು ಎಂದು ನಾವು ಕರೆಯಬಹುದು. ಬಿಲ್ಲೆಯಲ್ಲಿರುವ ಕಡತಗಳನ್ನು ಒಂದೊಂದಾಗಿ ನಕಲು ಮಾಡುವುದು ಬೇರೆ, ಪಡಿಯಚ್ಚು ತೆಗೆಯುವುದು ಬೇರೆ. ತಾಳೆಗರಿಯ ಕಟ್ಟಿನಿಂದ ಬೇಕಾದ ಪದ್ಯಗಳನ್ನು ಬರೆದುಕೊಳ್ಳುವುದು ಮೊದಲನೆಯದಾದರೆ, ಬರಿಗರಿಯನ್ನೂ ಬಿಡದೆ, ಕ್ರಮ ತಪ್ಪಿಸದೆ ಇಡೀ ಕಟ್ಟಿನ ಛಾಯಾಚಿತ್ರ ತೆಗೆಯುವುದು ಎರಡನೆಯದು. ಬಿಲ್ಲೆಯ ಮೊದಲ ಅಂಶದಿಂದ ಕೊನೆಯ ಅಂಶದವರೆಗೆ ಎಲ್ಲವೂ ಒಂದೇ ಕಡತವಾಗಿ ಬಂದು ಕೂರುತ್ತದೆ. ಯಂತ್ರ ಹೋದರೂ, ಬಿಲ್ಲೆ ಮುರಿದರೂ ಆ ಕಡತ ಉಳಿಯುತ್ತದೆ. ಆದರೆ ಆ ಕಡತವನ್ನು ತೆರೆಯುವ ಬೀಗದ ಕೈ ಯಾರ ಬಳಿ ಇದೆ? ಈ ವಿಷಯದ ಇತಿಹಾಸವೆಲ್ಲ ಈ ಒಂದು ಪ್ರಶ್ನೆಯ ಸುತ್ತ ತಿರುಗುತ್ತದೆ.

ಸಿ.ಡಿ. ಸಂಗೀತಕ್ಕಾಗಿ ಪೇಟೆಗೆ ಬಂದದ್ದು 1982ರಲ್ಲಿ. ಅದರಲ್ಲಿ ಗಣಕದ ಮಾಹಿತಿಯನ್ನೂ ತುಂಬಬಹುದೆಂದು ಕಂಡುಕೊಂಡಾಗ ಒಂದೊಂದು ಕಂಪೆನಿ ಒಂದೊಂದು ರೀತಿಯಲ್ಲಿ ತುಂಬತೊಡಗಿತು. ಒಬ್ಬರ ಬಿಲ್ಲೆ ಇನ್ನೊಬ್ಬರ ಯಂತ್ರದಲ್ಲಿ ಓಡದು. ಈ ಗೊಂದಲ ತೀರಿಸಲು 1985ರ ನವೆಂಬರಿನಲ್ಲಿ ಕೆಲವು ಕಂಪೆನಿಗಳ ಪ್ರತಿನಿಧಿಗಳು ಅಮೆರಿಕದ ಟಾಹೋ ಸರೋವರದ ಬಳಿಯ ಹೈ ಸಿಯೆರಾ ಎಂಬ ಹೋಟೆಲಿನಲ್ಲಿ ಸೇರಿದರು. ಅಲ್ಲಿ ಮೂಡಿದ ಒಪ್ಪಂದವೇ ಪರಿಷ್ಕಾರಗೊಂಡು 1988ರಲ್ಲಿ ಐ.ಎಸ್.ಓ. 9660 ಎಂಬ ಅಂತರರಾಷ್ಟ್ರೀಯ ನಿಯಮವಾಯಿತು. ಪಡಿಯಚ್ಚಿನ ಕಡತಗಳ ಹೆಸರಿನ ಕೊನೆಯಲ್ಲಿ ಇಂದಿಗೂ ಕಾಣುವ 'ಐಎಸ್‌ಓ' ಎಂಬ ಬಾಲ ಅಲ್ಲಿಂದ ಬಂದದ್ದು.

ಆ ನಿಯಮದ ಸರಳತೆಯನ್ನು ನೋಡಿ. ಬಿಲ್ಲೆಯನ್ನು 2,048 ಬೈಟುಗಳ ಚಿಕ್ಕ ಚಿಕ್ಕ ಕೋಣೆಗಳಾಗಿ ಭಾಗಿಸಲಾಗಿದೆ. ಮೊದಲ 16 ಕೋಣೆಗಳನ್ನು ಯಂತ್ರದ ಬಳಕೆಗೆಂದು ಬಿಟ್ಟಿದ್ದಾರೆ. ಅನಂತರ ಬರುವ ಕೋಣೆಯಲ್ಲಿ 'ಸಿಡಿ001' ಎಂಬ ಮುದ್ರೆ, ಬಿಲ್ಲೆಯ ಹೆಸರು, ಮೂಲ ಅನುಕ್ರಮಣಿಕೆ ಎಲ್ಲಿದೆಯೆಂಬ ಸೂಚನೆ ಇರುತ್ತವೆ. ಇನ್ನೊಂದು ಸ್ವಾರಸ್ಯವಿದೆ. ಕೆಲವು ಗಣಕಗಳು ಸಂಖ್ಯೆಯನ್ನು ಎಡದಿಂದ ಓದಿದರೆ ಕೆಲವು ಬಲದಿಂದ ಓದುತ್ತವೆ. ಯಾರಿಗೂ ಅನ್ಯಾಯವಾಗಬಾರದೆಂದು ಮುಖ್ಯ ಸಂಖ್ಯೆಗಳನ್ನು ಎರಡೂ ಕ್ರಮದಲ್ಲಿ ಬರೆದಿಟ್ಟಿದ್ದಾರೆ. ಠಾಣೆ ಸ್ಟೇಷನ್ನಿನ ಹಲಗೆಯಲ್ಲಿ ಒಂದೇ ಹೆಸರು ಎರಡು ಲಿಪಿಗಳಲ್ಲಿ ಇದ್ದ ಹಾಗೆ! ಎಲ್ಲಕ್ಕಿಂತ ದೊಡ್ಡ ಮಾತೆಂದರೆ, ಯುರೋಪಿನ ಎಕ್ಮಾ ಸಂಸ್ಥೆ ಇದೇ ನಿಯಮವನ್ನು ತನ್ನ 119ನೆಯ ಮಾನಕವಾಗಿ ಪ್ರಕಟಿಸಿ, ಬೇಕಾದವರು ಬಿಟ್ಟಿಯಾಗಿ ಓದುವಂತೆ ಮಾಡಿದೆ. ಬೀಗದ ಕೈಯ ಅಚ್ಚು ಬಯಲಲ್ಲೇ ಇದೆ. ಕಮ್ಮಾರಿಕೆ ಬಲ್ಲವನು ಯಾವ ಕಾಲಕ್ಕೂ ಇನ್ನೊಂದು ಕೈ ಮಾಡಿಕೊಳ್ಳಬಲ್ಲ.

ಎಲ್ಲ ಪಡಿಯಚ್ಚುಗಳ ಭಾಗ್ಯ ಹೀಗಿರಲಿಲ್ಲ. ಸಿ.ಡಿ. ಬರೆಯುವ ತಂತ್ರಾಂಶಗಳು ಮನೆಮನೆಗೆ ಬಂದಾಗ ಕೆಲವು ತಯಾರಕರು ತಮ್ಮದೇ ರೂಪಗಳನ್ನು ಮಾಡಿಕೊಂಡರು. ನೀರೋ ತಂತ್ರಾಂಶದ 'ಎನ್‌ಆರ್‌ಜಿ', ಆಲ್ಕೊಹಾಲ್ ತಂತ್ರಾಂಶದ 'ಎಂಡಿಎಫ್' ಅಂಥವು. ವಿಂಡೋಸ್ ಇದ್ದವರಿಗಂತೂ ಸಾಮಾನ್ಯ ಐಎಸ್‌ಓ ಕಡತವನ್ನು ತೆರೆಯಲೂ 2012ರಲ್ಲಿ ವಿಂಡೋಸ್ 8 ಬರುವವರೆಗೆ ಹೊರಗಿನ ಸಹಾಯ ಬೇಕಿತ್ತು. ಬಿಟ್ಟಿ ತಂತ್ರಾಂಶ ಎಲ್ಲಿ ಸಿಗುತ್ತದೆಂದು ಜನ ಹುಡುಕಾಡಿದ್ದು ಈ ಕಾರಣದಿಂದ.

ಇಲ್ಲಿ ಬಿಟ್ಟಿ ಮತ್ತು ಮುಕ್ತ ಎಂಬ ಎರಡು ಮಾತುಗಳ ಅಂತರವನ್ನು ಗಮನಿಸಬೇಕು. ಹಣ ಕೇಳದಿದ್ದದ್ದು ಬಿಟ್ಟಿ. ಒಳಗಿನ ಬರಹವನ್ನು ಓದಲು, ತಿದ್ದಲು, ಹಂಚಲು ಎಲ್ಲರಿಗೂ ಹಕ್ಕು ಕೊಟ್ಟದ್ದು ಮುಕ್ತ. ಬಿಟ್ಟಿಯಾಗಿ ಸಿಕ್ಕಿದ್ದು ನಾಳೆ ಬೆಲೆ ಕೇಳಬಹುದು, ಇಲ್ಲವೇ ಕಣ್ಮರೆಯಾಗಬಹುದು. ಮುಕ್ತವಾದದ್ದನ್ನು ಒಬ್ಬರು ಕೈಬಿಟ್ಟರೆ ಮತ್ತೊಬ್ಬರು ಎತ್ತಿಕೊಳ್ಳುತ್ತಾರೆ. ಈ ಚಳವಳಿಯನ್ನು ರಿಚರ್ಡ್ ಸ್ಟಾಲ್‌ಮನ್ ಘೋಷಿಸಿದ್ದು 1983ರಲ್ಲಿ. 1991ರಲ್ಲಿ ಲಿನಕ್ಸ್ ಹುಟ್ಟಿತು. ಪಡಿಯಚ್ಚನ್ನು ನಿಜವಾದ ಬಿಲ್ಲೆಯೆಂದೇ ತಿಳಿದು ತೆರೆಯುವ ಸೌಕರ್ಯ 1993ರಲ್ಲೇ ಅದಕ್ಕೆ ಸೇರಿತು. ಅದು ಭಾರತದ ಸಾಮಾನ್ಯ ಓದುಗನ ಕೈಸೇರಿದ್ದರಲ್ಲಿ ಬೆಂಗಳೂರಿನ ಅತುಲ್ ಚಿಟ್ನಿಸ್ ಅವರ ಪಾಲು ದೊಡ್ಡದು, 1996ರಲ್ಲಿ ಪಿ.ಸಿ. ಕ್ವೆಸ್ಟ್ ಪತ್ರಿಕೆಯೊಡನೆ ಲಿನಕ್ಸಿನ ಸಿ.ಡಿ. ಹಂಚುವ ಯೋಜನೆಯ ಹಿಂದೆ ಅವರಿದ್ದರು. ದೇಶದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ತೆರೆದು ಆಗ ವರ್ಷವೂ ತುಂಬಿರಲಿಲ್ಲ. ಟೆಲಿಫೋನ್ ತಂತಿಯ ಮೇಲೆ ಸೆಕೆಂಡಿಗೆ 28,800 ಬಿಟ್ ವೇಗದಲ್ಲಿ ಒಂದು ಸಿ.ಡಿ.ಯಷ್ಟನ್ನು ಇಳಿಸಿಕೊಳ್ಳಲು ಎರಡು ಹಗಲು ಎರಡು ರಾತ್ರಿಯೂ ಸಾಲದಿದ್ದ ಕಾಲವದು.

ಇಂದು ನಮ್ಮ ಕೈಗೆಟುಕುವ ಮುಕ್ತ ಸಾಧನಗಳು ಹಲವು. ರಷ್ಯದ ಈಗೊರ್ ಪಾವ್ಲೊವ್ 1999ರಲ್ಲಿ ಹೊರತಂದ 7-ಜಿಪ್ ಎಂಬುದು ಐಎಸ್‌ಓ ಕಡತವನ್ನು ಪೆಟ್ಟಿಗೆಯಂತೆ ಬಿಚ್ಚಿ ಒಳಗಿನದನ್ನು ಹೊರಗಿಡುತ್ತದೆ. ಎನ್‌ಆರ್‌ಜಿ, ಎಂಡಿಎಫ್ ಮುಂತಾದವಕ್ಕೆ ವಿನ್‌ಸಿಡಿಎಮು ಇದೆ. ಗೀರು ಬಿದ್ದ ಬಿಲ್ಲೆಗೆ ಡಿಡಿ-ರೆಸ್ಕ್ಯೂ ಎಂಬುದು ತಾಳ್ಮೆಯ ವೈದ್ಯ: ಚೆನ್ನಾಗಿರುವ ಭಾಗವನ್ನು ಮೊದಲು ಓದಿಟ್ಟುಕೊಂಡು, ಕೆಟ್ಟ ಭಾಗಕ್ಕೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ.

ಆದರೆ ಕನ್ನಡಿಗರ ಬಿಲ್ಲೆಗೆ ಎರಡನೆಯ ಬೀಗವೊಂದಿದೆ. ಪಡಿಯಚ್ಚು ತೆರೆಯಿತು, ಕಡತವೂ ಸಿಕ್ಕಿತು, ಆದರೆ ಅಕ್ಷರಗಳು ಮಾತ್ರ ಅರ್ಥವಿಲ್ಲದ ರೋಮನ್ ಚಿಹ್ನೆಗಳಾಗಿ ಕಾಣುತ್ತವೆ. ಶ್ರೀಲಿಪಿ, ಆಕೃತಿ, ಪ್ರಕಾಶಕ ಮೊದಲಾದ ತಂತ್ರಾಂಶಗಳು ಇಂಗ್ಲಿಷ್ ಅಕ್ಷರದ ಮನೆಯಲ್ಲಿ ಕನ್ನಡದ ತುಂಡುಗಳನ್ನು ಕೂರಿಸುತ್ತಿದ್ದವು, ಪ್ರತಿಯೊಂದೂ ತನ್ನದೇ ಕ್ರಮದಲ್ಲಿ. ಇಲ್ಲಿಯೂ ಬಾಗಿಲು ತೆರೆದವರು ಕೆಲವರಿದ್ದರು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದ ಕಿನ್ನಿಕಂಬಳದ ಕೆ.ಪಿ. ರಾವ್ ಕನ್ನಡಕ್ಕೆ ಧ್ವನಿಗನುಗುಣವಾದ ಕೀಲಿಮಣೆಯನ್ನು ರೂಪಿಸಿದರು. ತಮ್ಮ ತಂತ್ರಾಂಶಕ್ಕೆ 'ಸೇಡಿಯಾಪು' ಎಂದು ವಿದ್ವಾಂಸರ ಹೆಸರಿಟ್ಟು ಉಚಿತವಾಗಿ ಹಂಚಿದರು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ', ಅನಂತರ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂದವು. ಇವುಗಳಿಂದ ಕನ್ನಡ ಬರೆಯುವುದು ಸುಲಭವಾಯಿತು. ಆದರೂ ಲಿಪಿಯ ಸಂಕೇತ ಎಲ್ಲ ಯಂತ್ರಕ್ಕೂ ಒಂದೇ ಆಗಲು ಯೂನಿಕೋಡ್ ಬೇಕಾಯಿತು. 1991ರಲ್ಲೇ ಕನ್ನಡಕ್ಕೆ ಅದರಲ್ಲಿ ಸ್ಥಾನ ದೊರೆತಿತ್ತು. 2001ರ ವಿಂಡೋಸ್ ಎಕ್ಸ್‌ಪಿಯೊಡನೆ 'ತುಂಗಾ' ಅಕ್ಷರ ಮನೆಮನೆಯ ಗಣಕಕ್ಕೆ ಬಂತು. ನುಡಿ-ಬರಹಗಳ ಹಳೆಯ ಪಠ್ಯವನ್ನು ಯೂನಿಕೋಡಿಗೆ ತಿರುಗಿಸುವ ಮುಕ್ತ ಪರಿವರ್ತಕವನ್ನು ಅರವಿಂದ ವಿ.ಕೆ. ಅವರು ಮಾಡಿಕೊಟ್ಟಿದ್ದಾರೆ.

ಎರಡೂ ಬೀಗಗಳ ಕಥೆ ಒಂದೇ ಪಾಠವನ್ನು ಹೇಳುತ್ತದೆ. ನಿಯಮ ಬಯಲಲ್ಲಿದ್ದದ್ದು ಉಳಿಯಿತು. ಮುಚ್ಚಿಟ್ಟದ್ದು ಮುಚ್ಚಿಟ್ಟವನೊಡನೆ ಸೊರಗಿತು. ಮನೆಯಲ್ಲಿ ಬರೆದ ಸಿ.ಡಿ.ಯ ಬಣ್ಣದ ಪದರ ಸೆಕೆ ಬೆಳಕುಗಳಿಗೆ ಕಾಲಕ್ರಮದಲ್ಲಿ ಮಾಸುತ್ತದೆ. ಠಾಣೆಯ ಮಳೆಗಾಲದ ತೇವವೂ ಅದಕ್ಕೆ ಮಿತ್ರನಲ್ಲ. ಆದುದರಿಂದ ಮನೆ ಬದಲಿಸುವ ಬಾಂಧವರು ಬಿಲ್ಲೆಗಳನ್ನು ಬಿಸಾಡುವ ಮುನ್ನ ಒಂದು ಭಾನುವಾರ ಅದಕ್ಕೆಂದು ಮೀಸಲಿಡಲಿ. ಹೊರಗಿನಿಂದ ಜೋಡಿಸುವ ಒಂದು ಸಿ.ಡಿ. ಯಂತ್ರ ಇಡೀ ಸಂಘಕ್ಕೆ ಸಾಕು. ಮಕ್ಕಳು ಐಎಸ್‌ಓ ರೂಪದಲ್ಲಿ ಪಡಿಯಚ್ಚು ತೆಗೆಯಲಿ. ಹಿರಿಯರು ಪಕ್ಕದಲ್ಲಿ ಕುಳಿತು ಇದು ಯಾವ ವರ್ಷದ ರಾಜ್ಯೋತ್ಸವ, ಹಾಡುತ್ತಿರುವವರು ಯಾರು ಎಂದು ಬರೆಸಲಿ. ಪ್ರತಿಯೊಂದಕ್ಕೂ ಎರಡು ಪ್ರತಿ, ಎರಡು ಬೇರೆ ಮನೆಗಳಲ್ಲಿ ಇರಲಿ. ತಂತ್ರಾಂಶ ಮುಂದೆಯೂ ಸಿಕ್ಕೀತು. ಆ ಮುಖಗಳ ಗುರುತು ಹೇಳಬಲ್ಲವರು ನಮ್ಮೊಡನೆ ಇರುವುದು ಈಗ.