ಗಂಗಾಜಲವಿಭಾಗವೂ ಸಮುದ್ರದ ಋಣವೂ

ಪಿತೃಗಳ ತರುವಾಯ ಪುತ್ರರು ಧನವನ್ನು ಮಾತ್ರವಲ್ಲದೆ ಋಣವನ್ನೂ ಸಮವಾಗಿ ವಿಭಾಗಿಸಿಕೊಳ್ಳತಕ್ಕುದೆಂದು ಯಾಜ್ಞವಲ್ಕ್ಯಸ್ಮೃತಿಯು ವಿಧಿಸುವುದು. ಆ ಸ್ಮೃತಿಗೆ ಮಿತಾಕ್ಷರಾವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯರ ಕಾಲದವನೆಂಬುದು ವಾಚಕರಿಗೆ ವಿದಿತವೇ ಆಗಿದೆ. ನದೀಜಲದ ವಿಭಾಗಕ್ಕೂ ಈ ನ್ಯಾಯವು ಸಲ್ಲುವುದೆಂಬುದನ್ನು ಗಂಗೆಯ ಇತ್ತೀಚಿನ ಚರಿತ್ರೆಯಿಂದ ಇಲ್ಲಿ ವಿಚಾರಿಸಲಾಗಿದೆ.

ನದಿಗಿರುವ ಋಣವಾವುದು? ಅಗಸ್ತ್ಯನು ಕುಡಿದು ಬರಿದುಮಾಡಿದ ಕಡಲನ್ನು ಭಗೀರಥನು ತಂದ ಗಂಗೆಯು ತುಂಬಿದಳೆಂದು ಮಹಾಭಾರತದ ವನಪರ್ವವು ಹೇಳುವುದು. ಪುರಾಣವಂತಿರಲಿ, ಸಮುದ್ರದ ಉಬ್ಬರವು ದಿನಕ್ಕೆರಡು ಸಲ ಅಳಿವೆಗಳನ್ನು ಹೊಗುವುದು. ಉಪ್ಪುನೀರು ಸಿಹಿನೀರಿಗಿಂತ ಭಾರವಾದುದರಿಂದ ತಳವನ್ನು ಹಿಡಿದು ಮುಂದುವರಿಯುವುದು. ಮೇಲಿನಿಂದ ಎಡೆಬಿಡದೆ ಇಳಿದುಬರುವ ಸಿಹಿನೀರೇ ಅದನ್ನು ಹಿಂದೂಡುವುದು. ಆದುದರಿಂದ ಕಡಲು ಸೇರಿದ ನೀರೆಲ್ಲ ವ್ಯರ್ಥವೆಂಬ ಮಾತು ಅವಿಚಾರಿತವಾದುದು.

ಗಂಗೆಯ ಮುಖ್ಯಪ್ರವಾಹವು ಪದ್ಮೆಯ ಕಡೆಗೆ ತಿರುಗಿದ ಮೇಲೆ, ಭಾಗೀರಥಿ–ಹೂಗ್ಲಿಯು ಬೇಸಗೆಯಲ್ಲಿ ಬಡವಾಯಿತು. ಕಲ್ಕತ್ತೆಯ ರೇವಿನಲ್ಲಿ ಹೂಳು ತುಂಬಿತು, ನೀರಿನಲ್ಲಿ ಉಪ್ಪು ಹೆಚ್ಚಿತು. ಇದರ ಪರಿಹಾರಾರ್ಥವಾಗಿ ಫರಕ್ಕಾದಲ್ಲಿ ಕಟ್ಟಿದ ಅಡ್ಡಗಟ್ಟೆಯು 1975ರಲ್ಲಿ ಕಾರ್ಯಾರಂಭ ಮಾಡಿತು. ಸುಮಾರು 38 ಕಿಲೋಮೀಟರು ಉದ್ದದ ಕಾಲುವೆಯು ಸೆಕೆಂಡಿಗೆ 40,000 ಘನ ಅಡಿ ನೀರನ್ನು ಭಾಗೀರಥಿಗೆ ಒಯ್ಯಬಲ್ಲುದು. ಆದರೆ ಒಂದು ಅಳಿವೆಗೆ ಔಷಧವಾದುದು ಮತ್ತೊಂದಕ್ಕೆ ಕೊರತೆಯಾಯಿತು. ಫರಕ್ಕಾದ ಕೆಳಗೆ ಪದ್ಮೆಯಿಂದ ಕವಲೊಡೆಯುವ ಗೊರಾಯಿಯೇ ಖುಲ್ನಾ ಪ್ರಾಂತಕ್ಕೂ ಅದರ ದಕ್ಷಿಣದ ಸುಂದರಬನಕ್ಕೂ ಸಿಹಿನೀರನ್ನು ಕೊಡುವ ಪ್ರಧಾನಶಾಖೆ. ಅದರ ಮುಖವು ಬೇಸಗೆಯಲ್ಲಿ ಹೂಳಿನಿಂದ ಮುಚ್ಚತೊಡಗಲು, ಉಪ್ಪು ಒಳನಾಡಿಗೇರಿತು. ಸಿಹಿನೀರನ್ನು ಬಯಸುವ ಸುಂದರಿವೃಕ್ಷಗಳು ತುದಿಯಿಂದ ಒಣಗತೊಡಗಿದುವು. ಗೊರಾಯಿಯ ಹೂಳೆತ್ತುವ ಕಾರ್ಯವನ್ನು 1998ರಲ್ಲಿ ಕೈಕೊಳ್ಳಬೇಕಾಯಿತು. ಫರಕ್ಕಾವೊಂದೇ ಇದಕ್ಕೆ ಕಾರಣವೆನ್ನಲಾಗದು. ನದಿಗಳ ಸಹಜವಾದ ಪಥಾಂತರವೂ, ತೀರದ ಒಡ್ಡುಗಳೂ, ಸಿಗಡಿಯ ಕೆರೆಗಳೂ, ಏರುತ್ತಿರುವ ಕಡಲೂ ಅದರಲ್ಲಿ ಭಾಗಿಗಳು.

1996ನೆಯ ಡಿಸೆಂಬರ್ 12ರಂದು, ಆಗ ಪ್ರಧಾನಮಂತ್ರಿಗಳಾಗಿದ್ದ ನಮ್ಮ ನಾಡಿನ ಎಚ್. ಡಿ. ದೇವೇಗೌಡರೂ ಬಾಂಗ್ಲಾದೇಶದ ಶೇಖ್ ಹಸೀನರೂ 30 ವರ್ಷಗಳ ಒಡಂಬಡಿಕೆಗೆ ಅಂಕಿತ ಹಾಕಿದರು. ಜನವರಿಯಿಂದ ಮೇ ಕಡೆಯವರೆಗೆ ಹತ್ತು ಹತ್ತು ದಿನಗಳ ಲೆಕ್ಕ: ಫರಕ್ಕಾದಲ್ಲಿ ಸೆಕೆಂಡಿಗೆ 70,000 ಘನ ಅಡಿ ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಸಮಪಾಲು, 75,000ದವರೆಗೆ ಬಾಂಗ್ಲಾದೇಶಕ್ಕೆ 35,000, ಉಳಿದುದು ಭಾರತಕ್ಕೆ, ಅದನ್ನು ಮೀರಿದರೆ ಭಾರತಕ್ಕೆ 40,000, ಉಳಿದುದು ಬಾಂಗ್ಲಾದೇಶಕ್ಕೆ. ಎರಡು ದಶಕಗಳ ಕಲಹವನ್ನು ಶಮನಗೊಳಿಸಿದ ಈ ವಿಭಾಗವು ಶ್ಲಾಘ್ಯವೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಆ ಪಟ್ಟಿಯಲ್ಲಿರುವುವು ಎರಡೇ ಪಾಲುಗಳು. ಅಳಿವೆಯ ಉಪ್ಪನ್ನು ಹಿಂದೂಡಲು ಬೇಕಾದ ನೀರಿಗೆ ಪ್ರತ್ಯೇಕಸ್ಥಾನವಿಲ್ಲ. ಪಡೆದವರು ತಮ್ಮ ಪಾಲಿನಿಂದ ಬಿಟ್ಟರೆ ಉಂಟು, ಇಲ್ಲವಾದರೆ ಇಲ್ಲ. ಧನವು ವಿಭಾಗವಾಯಿತು, ಋಣವು ಉಳಿಯಿತು. ಒಡಂಬಡಿಕೆಯ ಅವಧಿಯು 2026ನೆಯ ಡಿಸೆಂಬರಿಗೆ ತುಂಬುವುದು. ಮುಂದಣ ವಿಭಾಗದಲ್ಲಿ ಹೂಗ್ಲಿ, ಗೊರಾಯಿಗಳೆರಡರ ಅಳಿವೆಗೂ ಬೇಕಾದ ನೀರನ್ನು ಮೊದಲು ತೆಗೆದಿರಿಸಿ, ಉಳಿದುದನ್ನು ಹಂಚಿಕೊಳ್ಳುವುದೇ ಸ್ಮೃತಿಗೂ ಯುಕ್ತಿಗೂ ಸಮ್ಮತವಾದ ಕ್ರಮವೆಂದು ತೋರುವುದು.