ಒಲೆ ಆರಿಸದೆ ಮನೆ ಬದಲಾವಣೆ

ಒಲೆ ಉರಿಯುತ್ತಿರುವಾಗಲೇ, ಅಡುಗೆ ಕೆಡದಂತೆ ಮನೆ ಬದಲಿಸಲು ಸಾಧ್ಯವೆ? ಕಂಪ್ಯೂಟರ್ ಲೋಕದಲ್ಲಿ ಇದು ಸಾಧ್ಯವಾಗಿದೆ.

1980ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ‘ವಿ’ ವ್ಯವಸ್ಥೆಯಲ್ಲಿ, ಬಿಡುವಾಗಿರುವ ಯಂತ್ರದಲ್ಲಿ ಇತರರೂ ಕೆಲಸ ಓಡಿಸಬಹುದಿತ್ತು. ಯಂತ್ರದ ಒಡೆಯ ಮರಳಿದರೆ ಅತಿಥಿ ಕೆಲಸ ಜಾಗ ಬಿಡಬೇಕು. ಆದರೆ ಮೆಮೊರಿಯ ಪುಟಗಳನ್ನು ನಕಲು ಮಾಡುತ್ತಿರುವಾಗಲೇ ಅವು ತಿದ್ದಿಹೋಗುತ್ತವೆ. ಒಂದು ತಿದ್ದುಪಡಿ ತಪ್ಪಿದರೂ ಹೊಸ ಜಾಗದಲ್ಲಿ ಲೆಕ್ಕವೆಲ್ಲ ಕೆಡಬಹುದು.

ಥೈಮರ್, ಲ್ಯಾಂಟ್ಜ್, ಚೆರಿಟನ್ 1985ರಲ್ಲಿ ಇದಕ್ಕೆ ದಾರಿ ತೋರಿದರು. ಮೊದಲು ಎಲ್ಲ ಪುಟಗಳ ನಕಲು. ಅಷ್ಟರಲ್ಲಿ ತಿದ್ದಿದವುಗಳ ಮರುನಕಲು. ಉಳಿದ ಕೆಲವು ಪುಟಗಳಿಗಾಗಿ ಮಾತ್ರ ಕೊನೆಗೆ ಕ್ಷಣಕಾಲ ತಡೆ.

ಒಂದೇ ಯಂತ್ರದೊಳಗೆ ತಂತ್ರಾಂಶ ರೂಪಿಸುವ ಹಲವು ಯಂತ್ರಗಳೇ ‘ವರ್ಚುವಲ್ ಯಂತ್ರ’ಗಳು. ಕೇಂಬ್ರಿಜ್ ಮತ್ತು ಕೋಪನ್‌ಹೇಗನ್ ವಿಶ್ವವಿದ್ಯಾಲಯಗಳ ಸಂಶೋಧಕರು ಇವನ್ನು ಇಡಿಯಾಗಿ ಸಾಗಿಸುವ ಬಗೆಯನ್ನು 2005ರಲ್ಲಿ ‘ಝೆನ್’ ತಂತ್ರಾಂಶದ ಮೂಲಕ ವಿವರಿಸಿದರು. 4 ಕಿಲೋಬೈಟ್‌ನ ಪುಟಗಳನ್ನೆಲ್ಲ ಮೊದಲು ‘ಓದಲು ಮಾತ್ರ’ ಎಂದು ಗುರುತಿಸಲಾಗುತ್ತದೆ. ಯಾವುದೇ ಪುಟದಲ್ಲಿ ಬರೆಯಹೊರಟರೆ ತಡೆ ಬಿದ್ದು ಮೇಲ್ವಿಚಾರಕ ತಂತ್ರಾಂಶಕ್ಕೆ ಸುದ್ದಿ ಮುಟ್ಟುತ್ತದೆ. ಅದು ಪಟ್ಟಿಯಲ್ಲಿ ಆ ಪುಟಕ್ಕೆ ಗುರುತು ಹಾಕಿ, ಬರೆಯಲು ಬಿಡುತ್ತದೆ. ಮುಂದಿನ ಸುತ್ತಿನಲ್ಲಿ ಗುರುತಾದ ಪುಟಗಳಷ್ಟೇ ಸಾಗುತ್ತವೆ. ಪ್ರಯೋಗದಲ್ಲಿ ‘ಕ್ವೇಕ್ 3’ ಆಟ ನಡೆಸುತ್ತಿದ್ದ ಯಂತ್ರ ಸ್ಥಳಾಂತರಗೊಂಡಾಗ ಆಟ ನಿಂತದ್ದು ಸುಮಾರು 60 ಮಿಲಿಸೆಕೆಂಡು!

ಈ ಉಪಾಯಕ್ಕೂ ಮಿತಿಯಿದೆ. ಸಾಗಿಸುವ ವೇಗಕ್ಕಿಂತ ಬರೆಯುವ ವೇಗವೇ ಹೆಚ್ಚಾದರೆ ಪಟ್ಟಿ ಕರಗುವುದೇ ಇಲ್ಲ. ಆಗ ಒಲೆಯನ್ನು ಒಂದಿಷ್ಟು ಹೊತ್ತು ಆರಿಸಲೇಬೇಕು.