ವಸಂತದ ಹೂದೋಟ (ಆಳಂದ, ಅಫಜಲಪುರ, ಜೇವರ್ಗಿ)

ಕಲಬುರಗಿ ಜಿಲ್ಲೆಯ ಈ ಮೂರು ತಾಲ್ಲೂಕುಗಳ ಮನೆಯಂಗಳದಲ್ಲಿ ವಸಂತ ಬೇಗ ಬಂದು ಬೇಗ ಹೋಗುತ್ತದೆ. ಚಳಿಗಾಲದ ಸೇವಂತಿಗೆ, ಚೆಂಡುಹೂ ಫೆಬ್ರವರಿಯಲ್ಲಿ ಬಾಡತೊಡಗುತ್ತವೆ. ಹೊಲದ ಬದುಗಳಲ್ಲಿ ಎಲೆ ಉದುರಿಸಿದ ಮುತ್ತುಗ ಕೆಂಪಾಗುವುದೂ ಆಗಲೇ. ಮಾರ್ಚ್‌ನಲ್ಲಿ ಬೇವು ಚಿಗುರಿ, ಜೇನಿನ ವಾಸನೆಯ ಸಣ್ಣ ಬಿಳಿ ಹೂಗಳನ್ನು ಅಂಗಳಕ್ಕೆ ಉದುರಿಸುತ್ತದೆ. ಯುಗಾದಿಯ ಬೇವಿಗೆ ಇದೇ ಹೂ.

ಋತುವಿನ ರಾಣಿ ದುಂಡುಮಲ್ಲಿಗೆಯೇ. ಚಳಿಗಾಲದಲ್ಲಿ ಕೆಲವು ವಾರ ನೀರು ತಡೆದು, ಟೊಂಗೆ ಸವರಿ, ಬುಡ ಕೆದರಿ ತಿಪ್ಪೆಗೊಬ್ಬರ ಹಾಕಿ ಮತ್ತೆ ನೀರುಣಿಸಿದರೆ ಹೊಸ ಚಿಗುರಿನ ತುದಿಯಲ್ಲಿ ಮೊಗ್ಗು ಗೊಂಚಲಾಗುತ್ತದೆ. ಮೊಗ್ಗು ಸಂಜೆ ಬಿರಿಯುವುದರಿಂದ ಮಾಲೆಗೆ ಬೇಕಾದದ್ದನ್ನು ಅದಕ್ಕೂ ಮುಂಚೆಯೇ ಬಿಡಿಸಬೇಕು.

ನೀರಿಗೆ ಅಫಜಲಪುರ, ಜೇವರ್ಗಿಗಳಿಗೆ ಭೀಮಾ ನದಿಯಿದೆ, ಆಳಂದಕ್ಕೆ ಅಮರ್ಜಾ. ಆದರೂ ಮನೆತೋಟದ ನಿಜವಾದ ಸವಾಲು ಕರಿಮಣ್ಣು. ಮಳೆಯಲ್ಲಿ ಅಂಟಾಗಿ ನೀರು ಹಿಡಿದಿಟ್ಟು ಬೇರು ಕೊಳೆಸುತ್ತದೆ, ಬೇಸಿಗೆಯಲ್ಲಿ ಬಿರಿದು ಎಳೆ ಬೇರುಗಳನ್ನು ಹರಿಯುತ್ತದೆ. ಮರಳು, ಗೊಬ್ಬರ ಬೆರೆಸಿ ಮಡಿ ಎತ್ತರಿಸುವುದು, ಬುಡಕ್ಕೆ ತೊಗರಿ ಹೊಟ್ಟು ಹೊದಿಸುವುದು ಒಳ್ಳೆಯ ಉಪಾಯ. ತೊಗರಿ ನಾಡಿನಲ್ಲಿ ಹೊಟ್ಟಿಗೆ ಬರವಿಲ್ಲ.

ಏಪ್ರಿಲ್ ಕೊನೆಗೆ ಬಿಸಿಲು 40 ಡಿಗ್ರಿ ದಾಟಿದಾಗ ಕುಂಡದ ಗುಲಾಬಿಗೆ ನೆರಳು ಬೇಕು. ಕಣಗಿಲೆ ಮಾತ್ರ ಕಡಿಮೆ ನೀರಿನಲ್ಲೂ ಹೂ ಬಿಡುತ್ತದೆ. ಅದರ ಎಲೆ, ಕಾಂಡ, ಹೂ ಎಲ್ಲವೂ ವಿಷ. ಮಕ್ಕಳು, ದನಕರುಗಳ ಕೈಬಾಯಿಗೆ ಸಿಗದಂತೆ ನೆಡಬೇಕು.